ಮೂರನೇ ರೀಡಿಂಗು

ಶಿವಾಜಿನಗರದ ಗುಜರಿಯಲ್ಲಿ ಸಿಕ್ಕ ಆಟೋ ಇಂಜಿನ್ನು,
ಹದಿನೆಂಟು ನೂರು ಹೇಳಿ ಹನ್ನೆರಡಕ್ಕೆ ಬಿಟ್ಟದ್ದು.
ಗೋಣಿಯಲ್ಲಿ ಸುತ್ತಿ ಬಸ್ಸು ಹತ್ತಿಸಿದೆವು,
ಕಂಡಕ್ಟರು ಅದಕ್ಕೂ ಒಂದು ಟಿಕೆಟ್ಟು ಹರಿದ.

ಪೀಣ್ಯದ ಪಾಲಿಟೆಕ್ನಿಕ್ಕಿನ ಹಿಂದಿನ ಶೆಡ್ಡು.
ಮೂರು ಶನಿವಾರ ಆಂಗಲ್ಲು ಕೊಯ್ದು, ಮೂಲೆಮಟ್ಟ ಹಿಡಿದು,
ಬೆಸುಗೆ ಹಾಕಿ ನಿಲ್ಲಿಸಿದ ಸ್ಟ್ಯಾಂಡಿಗೆ
ಒಂದು ಕಾಲು ಗಿಡ್ಡ.

ಇಂಜಿನ್ನಿನ ಶಕ್ತಿ ಅಳೆಯುವುದು
ಓಡಲು ಬಿಟ್ಟಲ್ಲ, ಓಡದಂತೆ ಹಿಡಿದು,
ಎಂದರು ರುದ್ರಾಚಾರ್ ಮೇಷ್ಟ್ರು.
ಡ್ರಮ್ಮಿಗೊಂದು ಸುತ್ತು ಸೆಣಬಿನ ಹಗ್ಗ,
ಒಂದು ತುದಿಗೆ ತೂಕದ ಕಲ್ಲು, ಇನ್ನೊಂದಕ್ಕೆ ಸ್ಪ್ರಿಂಗ್ ತಕ್ಕಡಿ:
ಜರೀನಳ ಅಬ್ಬಾ ಬೀದಿಬೀದಿ ಸುತ್ತಿ
ಹಳೇ ಪೇಪರು ತೂಗುವ ಅದೇ ತಕ್ಕಡಿ.
ಸಂಜೆಯೊಳಗೆ ವಾಪಸು ಬೇಕು.

ಎಳೆದೆವು. ಸದ್ದಿಲ್ಲ.
ಪ್ಲಗ್ಗು ಬಿಚ್ಚಿ ಒರೆಸಿ ಎಳೆದೆವು. ಒಂದು ಕೆಮ್ಮು.
ಹನ್ನೊಂದನೆಯ ಎಳೆತಕ್ಕೆ ಹತ್ತಿಕೊಂಡಿತು ನೋಡಿ,
ಸೂರಿನ ತಗಡು ಕಟಕಟ ಹಲ್ಲು ಕಡಿಯಿತು,
ಪಾರಿವಾಳ ಒಂದೂ ಉಳಿಯಲಿಲ್ಲ,
ಸ್ಟ್ಯಾಂಡು ತಾನೇ ನಡೆಯತೊಡಗಿತು ಬಾಗಿಲ ಕಡೆ
ಬಾಡಿಗೆ ಸಿಕ್ಕ ಹಾಗೆ.

"ಪೆಟ್ರೋಲ್ ಮುಚ್ರೋ!"

ನೆಲಕ್ಕೆ ಬೋಲ್ಟು ಹಾಕುವ ಕೆಲಸ ನನ್ನದಾಗಿತ್ತು.
ಯಾರೂ ನನ್ನ ಕಡೆ ನೋಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.
ಎರಡು ದಿನ ಕಾಂಕ್ರೀಟು ಕೊರೆದೆ,
ಅಮ್ಮ ತಲೆಯ ಧೂಳು ನೋಡಿ ಕೇಳಿದಳು,
ಗಾರೆ ಕೆಲಸಕ್ಕೆ ಹೋಗ್ತಿದೀಯೇನೋ?

ಗುರುವಾರ ಜರೀನ ಮತ್ತೆ ತಕ್ಕಡಿ ಬೇಡಿ ತಂದಳು.
ಐದು ಕಿಲೋ ಹೇರಿದೆವು, ದನಿ ತಗ್ಗಿತು.
ಹತ್ತಕ್ಕೆ ಹಗ್ಗ ಕಮಟು ನಾತ ಬಿಟ್ಟಿತು,
ಇನ್ನಾಸ ಚೊಂಬಲ್ಲಿ ನೀರು ಹುಯ್ದ,
ಹಬೆಯಲ್ಲಿ ಮೇಷ್ಟ್ರ ಕನ್ನಡಕ ಮಾಯ.
ಹದಿನೈದು. ನರಳಿತು. ನಿಲ್ಲಲಿಲ್ಲ.
ಮೂರಕ್ಕೂ ನಾಲ್ಕಕ್ಕೂ ನಡುವೆ ಮುಳ್ಳು ನಡುಗುತ್ತಿತ್ತು.
"ಎಷ್ಟು ಬರೀಲಿ ಸಾರ್?"
"ಕಂಡಷ್ಟು."

ಲೆಕ್ಕ ಕಟ್ಟಿದರೆ ಕಂಪನಿ ಹೇಳಿದ್ದರ ಅರ್ಧವೂ ಇಲ್ಲ.
ಸೀನಿಯರುಗಳ ರೆಕಾರ್ಡಿನಿಂದ
ಚಂದದ ಅಂಕಿ ಇಳಿಸಿಕೊಳ್ಳುವುದು ರೂಢಿ, ಎಲ್ಲರಿಗೂ ಗೊತ್ತು.
ಪೆನ್ಸಿಲು ಹಿಡಿದು ಸ್ವಲ್ಪ ಹೊತ್ತು ಕೂತಿದ್ದೆ.
ಆಮೇಲೆ ನಮ್ಮದನ್ನೇ ಎಳೆದೆ:
ಏರಿ, ಏದುಸಿರು ಬಿಟ್ಟು, ನಡುವಲ್ಲೇ ಬಾಗಿದ ಗೆರೆ.

ಜರೀನ ತಕ್ಕಡಿ ಒರೆಸಿ ಚೀಲಕ್ಕೆ ಹಾಕಿಕೊಂಡಳು.
ಕೊಕ್ಕೆಯಲ್ಲಿ ಸುಟ್ಟ ಸೆಣಬಿನ ಎಳೆಯೊಂದು ಉಳಿದಿತ್ತು.
ನಾಳೆ ಅದೇ ಮುಳ್ಳು
ಯಾರದೋ ಮನೆ ಬಾಗಿಲಲ್ಲಿ, ಹಳೇ ನೋಟುಬುಕ್ಕಿನ ಕಟ್ಟಿಗೆ
ಎಷ್ಟು ನಡುಗುತ್ತದೋ.