ಕರಿ ಉಗುರು

ಮೊದಲು ಸಪ್ಪಳ ಬಂತು.
ನಡುರಾತ್ರಿ ಪರಸಿ ಕಲ್ಲಿನ ಮ್ಯಾಲ
ಟಕ್ ಟಕ್, ಟಕ್ ಟಕ್,
ಕತ್ತಲ್ಯಾಗ ಯಾರೋ ಕುಂತು ಟೈಪು ಹೊಡದಂಗ.
ಎದ್ದು ನೋಡಿದರ ನಮ್ಮ ತೊಗರಿ,
ನೀರಿನ ಬೋಗುಣಿ ಕಡೆ ಹೊಂಟದ.
ಬೆರಳು ಓರೆ ಮಾಡಿ,
ಹೊಸ ಚಪ್ಪಲಿ ಕಚ್ಚಿದ ಹುಡುಗಿಯಂಗ.

ಬೇಳೆ ಬಣ್ಣದ ಮೈ, ಅದಕ್ಕ ಆ ಹೆಸರು.
ಹದಿನೆಂಟು ಉಗುರಿನಾಗ ಒಂದೇ ಬಿಳಿ.
ಬಿಳಿಯದನ್ನ ಬಿಸಲಿಗೆ ಹಿಡದರ
ಒಳಗ ಗುಲಾಬಿ ಎಳೆ ಕಾಣ್ತದ:
ಜೀವ ಇಲ್ಲಿತನಕ, ಮುಂದ ಬರೇ ಉಗುರು.
ಕರಿಯವು ಏನೂ ಹೇಳಂಗಿಲ್ಲ.

ನಾ ಅವಸರದಾಕಿ.
ಐತವಾರ ಮುಂಜಾನೆ ಗ್ಯಾಸಿನ ಮ್ಯಾಲ ಹಾಲಿಟ್ಟು
ಕಾಲು ಒತ್ತಿ ಹಿಡದು
ಒಮ್ಮೆಲೇ ಕತ್ತರಿಸಿದೆ.
ಅದು ಒದರಿದ್ದು ಇನ್ನೂ ಕಿವ್ಯಾಗ ಅದ.
ಬೂದು ಕಲ್ಲಿನ ಮ್ಯಾಲ ಕೆಂಪು ಚುಕ್ಕಿ,
ಒಂದು, ನಾಕು, ಒಂಬತ್ತು,
ಹೊರಸಿನ ಬುಡದ ತನಕ.
ಚಿಟಿಕಿ ಜೋಳದ ಹಿಟ್ಟು ಒತ್ತಿ ಹಿಡಕೊಂಡು ಕುಂತೆ.
ರಕ್ತ ನಿಂತಿತು.
ಅದು ನನ್ನ ಮುಖ ನೋಡಲಿಲ್ಲ.
ಹಾಲು ಉಕ್ಕಿ ಹೋಗಿತ್ತು.

ಮಾವ ಹುಸನಪ್ಪ
ಶಹಾಬಾದದ ಗಣ್ಯಾಗ ಮೂವತ್ತು ವರ್ಷ ಪರಸಿ ಬಿಡಿಸಿದಾಂವ,
ಎಡಗೈ ಹೆಬ್ಬೆರಳಿಗೆ ಉಗುರೇ ಇಲ್ಲ.
ಬೀಡಿ ಆರಿಸಿ ಅಂದ:
"ಉಗುರಿನಾಗ ಹೋಗೋದಕ್ಕ ಕೊಡಲಿ ಯಾಕ ಎತ್ತಿದಿ?
ಕಲ್ಲನ್ನೂ ನಾವು ಮೊದಲು ಬಡದು ಕೇಳ್ತಿದ್ದೆವು,
ಎಲ್ಲಿ ಪದರ, ಎಲ್ಲಿ ನರ ಅಂತ.
ನೀ ಕೇಳಲೇ ಇಲ್ಲಲ್ಲ, ಯವ್ವಾ."

ಹಂಗಾಗಿ ಕೇಳಲಿಕ್ಕ ಕುಂತೆ.
ಒಂದು ವಾರ ಬರೇ ಕೈ:
ಪಾದ ಮುಟ್ಟೋದು, ಬಿಡೋದು, ರೊಟ್ಟಿ ತುಣುಕು.
ಇನ್ನೊಂದು ವಾರ ಕತ್ತರಿ ಸುಮ್ನ ನೆಲದ ಮ್ಯಾಲ,
ಬಾಜೂಕ ಕುದಿಸಿದ ತತ್ತಿ.
ತತ್ತಿ ತಿಂತು.
ಕತ್ತರಿಗೆ ಬೆನ್ನು ಮಾಡಿ ಕುಂತಿತು.
ಆಗ್ಲಿ.

ಅತ್ತಿ ಅಂತಾಳ, ಮಂಗಳವಾರ ಬ್ಯಾಡ, ಶುಕ್ರವಾರ ಬ್ಯಾಡ,
ಅಮಾಸಿ ಬ್ಯಾಡ,
ದೀಪ ಹಚ್ಚಿದ ಮ್ಯಾಲಂತೂ ಬ್ಯಾಡೇ ಬ್ಯಾಡ.
ಕಡೀದಕ್ಕ ನಾನೂ ಹೂಂ ಅಂದೆ:
ಕತ್ತಲ್ಯಾಗ ಕರಿ ಉಗುರು ನಂಬಬಾರದು.

ಬುಧವಾರ, ಹತ್ತು ಗಂಟೆ ಬಿಸಲು, ಅಂಗಳದ ಕಟ್ಟಿ.
ಮಾವನ ತೊಡಿ ಮ್ಯಾಲ ತಲಿ,
ಉಗುರಿಲ್ಲದ ಹೆಬ್ಬೆರಳು ಅದರ ಕಿವಿ ಹಿಂದ ತಿಕ್ಕುತಿತ್ತು.
ನುಚ್ಚಿನ ಕಾಳಿನಷ್ಟು ತೆಗದೆ.
ಕೊಯ್ದ ಮುಖ ನೋಡಿದೆ: ಬೆಳ್ಳಗ, ಸುಣ್ಣದಂಗ.
ಇನ್ನೊಂದು ಸೀಳು.
ನಡುವ ಸಾಸಿವೆಯಂಥ ಚುಕ್ಕಿ ಮೂಡಿತು.
ನಿಂತೆ.
ಅದರ ಹಿಂದ ಜೀವ
ಬಾಗಲಾ ಹಾಕ್ಕೊಂಡು ಕುಂತದ.

ದಿನಕ್ಕೊಂದು ಉಗುರು, ಒಂದೊಂದು ದಿನ ಅದೂ ಇಲ್ಲ.
ಮುಂಗಾಲಿನ ಒಳಮಗ್ಗಲ, ಕೂದಲದಾಗ
ನೆಲ ಕಾಣದ್ದೊಂದು ಸಿಕ್ಕಿತು,
ಉಂಗುರದಂಗ ಸುತ್ತಿ ಚರ್ಮಕ್ಕ ತಾಗಿತ್ತು.
ಎಷ್ಟು ದಿನದಿಂದ ಚುಚ್ಚುತಿತ್ತೋ.
ತೊಗರಿ ಹೇಳಿರಲಿಲ್ಲ.
ಅಥವಾ ಹೇಳಿತ್ತು.

ಈಗ ಹದಿನೇಳು ಮುಗದಾವ.
ಬಲಗಾಲಿನ ಮೂರನೇದು, ಅವತ್ತು ನಾ ಕೊಯ್ದದ್ದು,
ಮುಟ್ಟಿದರ ಹಿಂದಕ್ಕ ಎಳಕೋತದ,
ಮೊದಲಿನಂಗ ಝಟ್ಟನೆ ಅಲ್ಲ,
ಸಾಲ ಕೇಳಿದವರಿಗೆ ಇಲ್ಲ ಅನ್ನೋರಂಗ, ನಾಚಿ.
ಇರಲಿ ಅಂದೆ.

ರಾತ್ರಿ ನೀರಿಗೆ ಏಳ್ತದ.
ಪರಸಿ ಮ್ಯಾಲ ಒಂದೇ ಉಗುರು ನಡೀತದ:
ಟಕ್.
ಆಮ್ಯಾಲ ಟಕ್.
ಎದ್ದು ಕುಂತು ಕೇಳ್ತೀನಿ.