ಬಾಯಾರಿಕೆ ಮತ್ತು ಏಳು

ಮೊದಲ ದಿನ ತೆರ್ಮೊಲಿ ನಿಲ್ದಾಣದ ಹೊರಗೆ
ಬಿಸಿಲಿಗೆ ನಾಲಗೆ ಒಣಗಿ
ಕಾಫಿ ಅಂಗಡಿಯವನಿಗೆ 'ಓ ಸೆತ್ತೆ' ಅಂದೆ.
ಅವನು ಲೋಟ ಒರೆಸುವುದನ್ನು ನಿಲ್ಲಿಸಿ
ಬಹಳ ಮರ್ಯಾದೆಯಿಂದ ಕೇಳಿದ: ಏಳು? ಏಳು ಏನು?
ಬೆರಳೆತ್ತಿ ಎಣಿಸಿಯೂ ತೋರಿಸಿದ.
ಸೆತೆ ಅಂದರೆ ಬಾಯಾರಿಕೆ, ಸೆತ್ತೆ ಅಂದರೆ ಏಳು.
ಕತೆಗೂ ಕತ್ತೆಗೂ ನಡುವೆ ಒಂದೇ ಒತ್ತಕ್ಷರ ಇಟ್ಟುಕೊಂಡು
ಐವತ್ತೆರಡು ವರ್ಷ ಬಾಳಿದವಳು
ಅಲ್ಲಿ ನಿಂತು, ಸತ್ತೆ ಅಂದುಕೊಂಡೆ.

ಆಮೇಲೆ ಒಂದು ವಾರ ಎಲ್ಲದಕ್ಕೂ ಸೀ, ಸೀ.
ಮೀನು ಮಾರುವ ಹೆಂಗಸು ಏನೋ ಕೇಳಿದಳು, ಸೀ ಅಂದೆ;
ಬೆಳ್ಳಿ ಹೊಟ್ಟೆಯ ಬೂತಾಯಿ ಎರಡು ಕಿಲೊ
ಕಾಗದದಲ್ಲಿ ಸುತ್ತಿಕೊಂಡು ಕೈಗೆ ಬಂತು.
ಮೀನು ಮುಟ್ಟದವಳು ನಾನು.
ಮನೆಯೊಡತಿ ಒರ್ತೆನ್ಸಿಯಾಗೆ ಕೊಟ್ಟೆ. ಅವಳು
ಎದೆಗೆ ಕೈ ಇಟ್ಟುಕೊಂಡು ಅತ್ತೇಬಿಟ್ಟಳು.
ಅದೂ ಯಾಕೆಂದು ತಿಳಿಯಲಿಲ್ಲ. ಸೀ ಅಂದೆ.

ಹತ್ತಿರದ್ದೆಂದರೆ ಒಂದೇ: ಇವರ ಪದಗಳೂ ನಮ್ಮವರ ಹಾಗೆ
ಬಾಯಿ ಮುಚ್ಚದೆ ಮುಗಿಯುತ್ತವೆ.
ಬಸ್ಸಿಗೂ ಕಾರಿಗೂ ಉಕಾರ ಅಂಟಿಸಿ
ಮನೆಯೊಳಕ್ಕೆ ಕರೆದುಕೊಂಡವರು ನಾವು;
ಇಲ್ಲಿ ಆ ಕೆಲಸವಿಲ್ಲ. ಪಾನೆ, ವೆಂತೊ, ಪೋರ್ತೊ:
ರೊಟ್ಟಿ, ಗಾಳಿ, ಬಂದರು, ಸಿದ್ಧವಾಗಿಯೇ ಬರುತ್ತವೆ.
(ಬಲೆ ಹೊಲಿಯುವ ಮುದುಕರ ವಿಷಯ ಬೇರೆ.
ಅವರು ಕೊನೆಯ ಸ್ವರವನ್ನು ನುಂಗಿ
ಊರಿನ ಮಾತನ್ನು ಊರಿಗೇ ಇಟ್ಟುಕೊಳ್ಳುತ್ತಾರೆ.)

ಕಾಫಿಯವನು ದಿನಾ ಒಂದು ಲೋಟ ನೀರಿಟ್ಟು
ಅದೇನೋ ಎರಡು ಪದ ಅನ್ನುತ್ತಿದ್ದ.
ಹನ್ನೊಂದನೆಯ ದಿನ ಕೇಳಿಸಿತು: 'ಇನ್ನು ಆರು.'

ಹದಿನೆಂಟನೆಯ ದಿನ, ಕಂಪೊಬಾಸ್ಸೊ ಕಡೆಯ ಪುಟ್ಟ ರೈಲು
ಸೂರ್ಯಕಾಂತಿ ಹೊಲದ ನಡುವೆ ನಿಂತಿತು. ಫ್ಯಾನೂ ನಿಂತಿತು.
ಮೈಕು ಗೊರಗೊರ ಅಂದಿತು.
ಡಬ್ಬಿಯ ತುಂಬ ಒಂದು ನಿಟ್ಟುಸಿರು:
ಎದ್ದವನು ಮತ್ತೆ ಕೂತ ಪಾದ್ರಿ,
ತೊಡೆಯ ಮೇಲೆ ಕಲ್ಲಂಗಡಿ ಇಟ್ಟುಕೊಂಡ ಹುಡುಗ,
ಅವರೊಡನೆ, ಅದೇ ಗಳಿಗೆಗೆ, ನಾನು.
ನಲವತ್ತು ನಿಮಿಷ ತಡ.
ಯಾರೂ ನನಗೆ ಬಿಡಿಸಿ ಹೇಳಿರಲಿಲ್ಲ.
ಉಸಿರು ಮೊದಲು ಬಂತು,
ತಿಳಿದಿದೆ ಅಂತ ತಿಳಿದದ್ದು ಆಮೇಲೆ.

ಖುಷಿಯಿಂದ ಕಿವಿ ನಿಮಿರಿಸಿ ಕೂತೆ.
ಎದುರು ಸೀಟಿನ ಹಳದಿ ಅಂಗಿಯವಳು
ರೈಲು ಹತ್ತಿದಾಗಿನಿಂದ ನನಗೆ ಬರೀ ರಾಗವಾಗಿದ್ದಳು;
ಆ ಮುಖ, ಆ ಕೈಗಳ ಓಡಾಟ
ಸಂಕೋಚವಿಲ್ಲದೆ ನೋಡುತ್ತಿದ್ದೆ.
ಈಗ ಫೋನಿಗೆ ಹೇಳಿದ್ದೆಲ್ಲ ಒಂದೊಂದಾಗಿ ಬಂತು:
ಗಂಟು ಸಣ್ಣದಂತೆ, ಸೋಮವಾರ ಕೊಯ್ಯುತ್ತಾರಂತೆ,
ಅಪ್ಪನಿಗೆ ಹೇಳಬೇಡ.
ಕಿಟಕಿಯ ಕಡೆ ತಿರುಗಿದೆ.
ಅರ್ಥವಾದ ಮೇಲೆ ನೋಡುವ ಹಕ್ಕು ಹೋಯಿತು.

ರಾತ್ರಿ ಒರ್ತೆನ್ಸಿಯಾ ತಂಗಿ ನಿವೆಸ್ ಜೊತೆ ಫೋನಿನಲ್ಲಿ.
ಗೋಡೆ ತೆಳು. ಅವಳ ಪಾಲಿಗೆ ನಾನಿನ್ನೂ ಕಿವುಡಿ.
'ಬಟ್ಟಲು ತಾನೇ ತೊಳೆದಿಡುತ್ತಾಳೆ. ಗುಬ್ಬಿಯಷ್ಟು ತಿನ್ನುತ್ತಾಳೆ.
ರಾತ್ರಿಯೆಲ್ಲ ಒಬ್ಬಳೇ ಮಾತಾಡುತ್ತಾಳೆ, ನಿವೆಸ್,
ನಾನು ಇದ್ದೆ, ನೀನು ಇದ್ದೆ, ಅವನು ಇದ್ದ, ಅಂತ.
ಪಾಪ, ಯಾರೋ ಹೋಗಿರಬೇಕು.'

ಹಾಸಿಗೆಯ ಮೇಲೆ ವ್ಯಾಕರಣದ ಪುಸ್ತಕ ತೆರೆದೇ ಇತ್ತು.
ಪುಟ ಎಪ್ಪತ್ತೊಂದು, ಭೂತಕಾಲ: ಎರೊ, ಎರಿ, ಎರಾ.
ನನ್ನ ಭಾಷೆಯಲ್ಲಿ ನಾನೂ ಇದ್ದೆ, ನೀನೂ ಇದ್ದೆ,
ಇಬ್ಬರಿಗೂ ಒಂದೇ 'ಇದ್ದೆ' ಸಾಕು.
ಇಲ್ಲಿ ನನ್ನದು ಎರೊ, ನಿನ್ನದು ಎರಿ,
ಬೇರೆ ಮಾಡಿ ಒಪ್ಪಿಸಬೇಕು. ಅದಕ್ಕೇ
ಅಷ್ಟು ರಾತ್ರಿಗಳು ಹಿಡಿದಿದ್ದವು.

ಬೆಳಿಗ್ಗೆ ತಟ್ಟೆಯಲ್ಲಿ ಒಂದು ಪೀಚ್ ಹೆಚ್ಚಿಗೆ,
ಸಿಪ್ಪೆ ಸುಲಿದು ಇಟ್ಟದ್ದು.
ಹೇಳಬಹುದಿತ್ತು. ಹೇಳುವಷ್ಟು ಮಾತೂ ಇತ್ತು.
ಅರ್ಥವಾಗದವಳ ಹಾಗೆ
ತಿಂದೆ.