ಹನ್ನೆರಡು ಲೈನಿನ ಣಿ

ಮಂಡಿಪೇಟೆಯ ಒಳಗಲ್ಲಿ, ಕರಿಬಸಯ್ಯನವರ ಪ್ರೆಸ್ಸು.
ಒಣಮೆಣಸಿನ ಘಾಟು, ಸೀಮೆಎಣ್ಣೆ, ಮಸಿ
ಮೂರನ್ನೂ ಒಂದೇ ಉಸಿರಿಗೆ ಎಳೆದುಕೊಂಡು
ನಾನು ಅಕ್ಷರ ಕಲಿತೆ, ಅದೂ ಉಲ್ಟಾ.
ಇವತ್ತಿಗೂ ಕನ್ನಡಿಯೊಳಗೆ ಓದುವುದೇ ಸಲೀಸು.

ಸೀಸದ ಸಣ್ಣಕ್ಷರ ರೈಲಿನಲ್ಲಿ ಬರುತ್ತಿತ್ತು, ತೂಕದ ಲೆಕ್ಕ.
ದಪ್ಪಕ್ಷರ ಮಾತ್ರ ಇಲ್ಲಿಯದೇ:
ಪೇರಲದ ಕಟ್ಟಿಗೆ, ಕಾಳಾಚಾರರ ಉಳಿ,
ಹನ್ನೆರಡು ಲೈನು ಎತ್ತರ,
ಅಂದರೆ ನನ್ನ ಆಗಿನ ಮೂರು ಬೆರಳು.

‘ದಪ್ಪ ಅಂದ್ರ ಊದ್ಸೋದಲ್ಲಲೇ ದಾದಾಪೀರ,
ಬಾವು ಬ್ಯಾರೆ, ಮೈಕಟ್ಟು ಬ್ಯಾರೆ.
ನಾ ಕೆತ್ತೋದು ಬಿಳೀನ.
ಕರಿ ತಾನಾಗೇ ಉಳಕಂತತಿ.’

ತಲೆಕಟ್ಟು ಅವರ ಪ್ರಕಾರ ರುಮಾಲು.
ಸಡಿಲಾದರೆ ಕುಡುಕ, ಬಿಗಿದರೆ ಪೊಲೀಸ.
ಎಡಕ್ಕೆ ಸಪಾಟು ಬಿಟ್ಟು
ಬಲತುದಿಗೆ ಗೋಧಿಕಾಳಿನಷ್ಟು ಮೇಲೆದ್ದ ಚೂಪು ಕೊಡುತ್ತಿದ್ದರು.
ರ ಆಗಲಿ, ತ ಆಗಲಿ, ಅದೇ ಚೂಪು,
ಅದೇ ಮನೆಯ ಮೂಗು.
ಸಾಹುಕಾರರು ಕೂಲಿ ಎಣಿಸುವಾಗ
ಆ ಗೋಧಿಕಾಳು ಲೆಕ್ಕಕ್ಕೆ ಬರುತ್ತಿರಲಿಲ್ಲ.

ಅದು ಎಲ್ಲಿ ಕೂರಬೇಕು ಅನ್ನುವುದೂ ಅವರದೇ ಕಾನೂನು.
ನಾಟಕಕ್ಕೆ ಸರಿ: ಇಂದೇ ಕೊನೆಯ ಆಟ
(ಹತ್ತೊಂಬತ್ತು ದಿನ ಇಂದೇ ಕೊನೆ, ಅಕ್ಷರ ಸವೆಯಿತು).
ಸರ್ಕಸ್ಸಿಗೆ ಸರಿ, ಹತ್ತಿಬೀಜಕ್ಕೆ ಸರಿ,
ಚುನಾವಣೆಗೆ ಬೇಡವೆಂದರೂ ಕೇಳುವವರು ಯಾರು?
ಸಾಹುಕಾರರ ಮಗಳ ಲಗ್ನಪತ್ರಿಕೆಗೆ ಮಾತ್ರ ಕೊಡಲಿಲ್ಲ.
‘ಕರಿಯೋದಕ್ಕೂ ಕೂಗೋದಕ್ಕೂ ಫರಕ್ ಐತ್ರಿ,’
ಎಂದು ಕೇಸಿನ ಮೇಲೆ ಕೈ ಅಡ್ಡ ಇಟ್ಟರು.

ಅವರಿಗೆ ಸಮಾಧಾನವಿಲ್ಲದ್ದು ಒಂದೇ, ಣಿ.
ತಲೆಕಟ್ಟಿಲ್ಲದ ಅಕ್ಷರ, ರುಮಾಲಿಲ್ಲದ ತಲೆ;
ಮೇಲೆ ಗುಡಿಸಿನ ಸುರುಳಿ.
ದಪ್ಪ ಮಾಡಿದಷ್ಟೂ ಸುರುಳಿಯ ಬಾಯಿ ಮುಚ್ಚುತ್ತಿತ್ತು.
‘ಗುಡಿಸಲಾದರೂ ಗುಡಿಸಾದರೂ
ಒಳಗ ಗಾಳಿ ಆಡಬೇಕಲ್ಲೋ.’

ಆ ರಾತ್ರಿ ಎರಡು ಆರ್ಡರು ಬಂದವು.
ಏಳಕ್ಕೆ ಸಂಘದವರು, ಚಿಲ್ಲರೆ ದುಡ್ಡು ಕಟ್ಟಿ ತಂದವರು:
ಗಿರಣಿ ಉಳಿಸಿ.
ಹತ್ತಕ್ಕೆ ಆಫೀಸಿನ ಜೀಪು:
ಗಿರಣಿ ಬಂದ್.
ಮೂರೇ ತುಂಡು, ಗಿ, ರ, ಣಿ.
ನಮ್ಮಲ್ಲಿ ಇದ್ದದ್ದೂ ಒಂದೇ ಜೊತೆ.
ಬಿಚ್ಚಿ ಮತ್ತೆ ಕಟ್ಟುವುದು ಯಾಕೆಂದು
ಮೇಲಿನ ಸಾಲು ಚೇಸಿನಲ್ಲೇ ನಿಲ್ಲಿಸಿ
ಕೆಳಗಿನದಷ್ಟೇ ಬದಲಿಸಿದೆ.
ಮಸಿಯೂ ಅದೇ. ರೋಲರು ತೊಳೆಯಲಿಲ್ಲ.

ಬೆಳಿಗ್ಗೆ ರೈಲ್ವೆ ಗೇಟಿನ ಗೋಡೆಗೆ
ಎರಡೂ ಪಕ್ಕಪಕ್ಕ, ಅಂಟು ಇನ್ನೂ ಹಸಿ.
ಗೇಟು ಹಾಕಿತ್ತು. ಸೈಕಲ್ಲುಗಳು ನಿಂತು ಓದುತ್ತಿದ್ದವು.
ಕಾಳಾಚಾರರ ಅಳಿಯ ನೂಲಿನ ಖಾತೆಯವನು,
ಅವನೂ ಇದ್ದ, ಡಬ್ಬಿ ಬುತ್ತಿ ಹಿಡಿದುಕೊಂಡು.
ಆಚಾರ್ರು ಗೋಡೆಗೆ ಮೂಗು ಹತ್ತಿರ ತಂದು
ಬಹಳ ಹೊತ್ತಿನ ಮೇಲೆ ಅಂದದ್ದು:
‘ಣಿ ಮಸಿ ಕುಡದತಿ.’

ಅಳಿಯ ಅವರನ್ನೇ ನೋಡಿದ.
ಗೂಡ್ಸು ಗಾಡಿ ದಾಟಿಹೋಗುವವರೆಗೂ ನೋಡಿದ.

ಮಾರನೆಯ ದಿನ ಬಂದು, ಯಾರನ್ನೂ ಮಾತಾಡಿಸದೆ
ಣಿಯನ್ನು ತೊಡೆಯ ಮೇಲಿಟ್ಟುಕೊಂಡು
ಸುರುಳಿಯ ಒಳಗಿಂದ ಕೂದಲೆಳೆಯಷ್ಟು ಕಟ್ಟಿಗೆ ತೆಗೆದರು.
ಊದಿದರು. ನನ್ನ ಅಂಗೈಗೆ ಹೊಟ್ಟು ಬಿತ್ತು,
ಅವಲಕ್ಕಿ ಪುಡಿಯ ಹಾಗೆ.

ಆಮೇಲೆ ಆ ತುಂಡಿಗೆ ಮೂರು ವರ್ಷ ಕೆಲಸ ಬರಲಿಲ್ಲ.
ಬಂದಾಗ ಹಾಕಿದ್ದು:
ಗಿರಣಿ ಯಂತ್ರಗಳ ಹರಾಜು,
ನೋಡಬಯಸುವವರು ಭಾನುವಾರದೊಳಗೆ ಬರತಕ್ಕದ್ದು.
ಅದೇ ಗೋಡೆ. ಗೇಟು ತೆರೆದಿತ್ತು, ಜನ ನಿಲ್ಲಲಿಲ್ಲ.
ರಸ್ತೆಯ ಆಚೆಯಿಂದಲೇ ಕಾಣುತ್ತಿತ್ತು
ಗುಡಿಸಿನೊಳಗಿನ ಬಿಳಿ, ಸ್ವಚ್ಛ, ಅಕ್ಕಿಕಾಳು ಬಿದ್ದಂತೆ.
ಕಾಳಾಚಾರ್ರು ಕಣ್ಣಿಗೆ ಕೈ ಮರೆಮಾಡಿ ನೋಡಿ
‘ಈಗ ಸರಿಯಾತು’ ಅಂದರು,
ಅಂದು ನಾಲಗೆ ಕಚ್ಚಿಕೊಂಡರು.